ಕೊನೇ ಬಸ್ಸು ಎಷ್ಟೊತ್ತಿಗೆ?

ಶ್ರವಣಬೆಳಗೊಳ ಹೋಬಳಿಯ ಮತ್ತು ಆಸುಪಾಸಿನ ಊರುಗಳ ಗಣಪತಿ ಸಮಿತಿ, ಜಾತ್ರಾ ಸಮಿತಿ, ರಾಜ್ಯೋತ್ಸವ ಸಮಿತಿ, ಯುವಕ ಸಂಘ, ಸ್ತ್ರೀಶಕ್ತಿ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಖಜಾಂಚಿಗಳಿಗೆ ಮತ್ತು ಮನೆಮನೆಗೆ ಹೋಗಿ ಚಂದಾ ಎತ್ತುವ ಹುಡುಗರಿಗೆ,



ಹಬ್ಬದ ಕಾಲ ಬಂತು. ನನ್ನ ಮೇಜಿನ ಮೇಲೆ ಆಗಲೇ ಆರು ಆಹ್ವಾನ ಪತ್ರಿಕೆಗಳು ಕೂತಿವೆ. ಮೇಷ್ಟ್ರ ಅಭ್ಯಾಸ ಬಿಡುವುದಿಲ್ಲ ನೋಡಿ, ಒಂದನ್ನು ಕೈಗೆತ್ತಿಕೊಂಡು ಹೆಸರು ಎಣಿಸಿದೆ. ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಅಧ್ಯಕ್ಷತೆ, ಉದ್ಘಾಟನೆ, ಜ್ಯೋತಿ ಬೆಳಗುವವರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಎಲ್ಲ ಸೇರಿ ನಲವತ್ಮೂರು ಹೆಸರು. ತಿಥಿ ಇದೆ, ನಕ್ಷತ್ರ ಇದೆ, ಊಟದಲ್ಲಿ ಪಾಯಸ ಉಂಟು ಎಂಬ ಸೂಚನೆಯೂ ಇದೆ. ಕಾರ್ಯಕ್ರಮಕ್ಕೆ ಬರುವವರು ಯಾವ ಬಸ್ಸಿಗೆ ಬರಬೇಕು, ಮುಗಿದ ಮೇಲೆ ಯಾವ ಬಸ್ಸಿಗೆ ಮನೆಗೆ ಹೋಗಬೇಕು ಎಂಬ ಎರಡು ಸಾಲು ಮಾತ್ರ ಆರರಲ್ಲಿ ಒಂದರಲ್ಲೂ ಇಲ್ಲ.

ಈ ಎರಡು ಸಾಲಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಚನ್ನರಾಯಪಟ್ಟಣದವರಿಗೆ, ಹಾಸನದವರಿಗೆ, ಹೊಳೆನರಸೀಪುರ ಮತ್ತು ಅರಕಲಗೂಡು ಕಡೆಯವರಿಗೂ ಇದು ಸಲ್ಲುತ್ತದೆ. ಆದರೆ ನಾನು ಬಲ್ಲ ರಸ್ತೆಗಳು ಬೆಳಗೊಳದ ಸುತ್ತಿನವು. ಆದ್ದರಿಂದ ಮಾತು ಇಲ್ಲಿಂದಲೇ ಶುರುಮಾಡುತ್ತೇನೆ.

ನಿಮಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕು. ಮೂವತ್ತೊಂದು ವರ್ಷ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿದವನು ನಾನು. ಅದರಲ್ಲಿ ಹದಿನಾಲ್ಕು ವರ್ಷ ಒಂದಲ್ಲ ಒಂದು ಸಮಿತಿಯ ಖಜಾಂಚಿ. ಒಂದು ವರ್ಷ ನಮ್ಮ ರಾಜ್ಯೋತ್ಸವ ಕಾರ್ಯಕ್ರಮ ಸಂಜೆ ಐದೂವರೆಗೆ ಎಂದು ಅಚ್ಚು ಹಾಕಿಸಿದ್ದೆವು. ಮುಖ್ಯ ಅತಿಥಿಗಳು ಬಂದಾಗ ಏಳು ಇಪ್ಪತ್ತು. ಸ್ವಾಗತ, ಹಾರ, ಶಾಲು, ಪೇಟ, ಮತ್ತೆ ಹಾರ. ಮಕ್ಕಳ ನೃತ್ಯವನ್ನು ಕೊನೆಗೆ ಇಟ್ಟಿದ್ದೆವು. ಯಾಕೆ ಇಟ್ಟಿದ್ದೆವು ಎಂದು ನಿಮಗೆ ಗೊತ್ತು. ನೃತ್ಯ ಮೊದಲು ಮುಗಿದುಬಿಟ್ಟರೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹೊರಟುಬಿಡುತ್ತಾರೆ, ಭಾಷಣಕ್ಕೆ ಕುರ್ಚಿಗಳೇ ಶ್ರೋತೃಗಳಾಗುತ್ತವೆ. ಈ ಉಪಾಯ ಹೂಡದ ಸಮಿತಿ ನಮ್ಮ ಕಡೆ ಯಾವುದಿದೆ ಹೇಳಿ?

ಎಂಟೂಕಾಲಿಗೆ ಕೊನೇ ಬಸ್ಸು ಬಂತು. ಡ್ರೈವರು ಹಾರನ್ ಹೊಡೆದರು. ಹತ್ತು ನಿಮಿಷ ನಿಲ್ಲಿಸಿದರು, ನಿಲ್ಲಿಸಬೇಕಾದ ಯಾವ ಹಂಗೂ ಅವರಿಗಿರಲಿಲ್ಲ. ಕಂಡಕ್ಟರು ಪೆಂಡಾಲಿನ ಹತ್ತಿರ ಬಂದು, "ಬರೋರು ಬನ್ನಿ, ಇದೇ ಕೊನೇದು" ಎಂದು ಕೂಗಿದರು. ಹೆಂಗಸರು ಎದ್ದು ನಿಂತರು. ಆಗ ಮೈಕು ನನ್ನ ಕೈಯಲ್ಲಿತ್ತು. "ಯಾರೂ ಏಳಬೇಡಿ, ದಯವಿಟ್ಟು ಕೂತ್ಕೊಳಿ, ಮಕ್ಕಳ ನೃತ್ಯ ಇನ್ನೇನು ಶುರುವಾಗ್ತದೆ" ಎಂದೆ. ಮೇಷ್ಟ್ರ ಮಾತಲ್ಲವೇ, ಕೂತರು. ಬಸ್ಸು ಖಾಲಿ ಹೋಯಿತು. ನೃತ್ಯ ಶುರುವಾದದ್ದು ಒಂಬತ್ತೂವರೆಗೆ.

ಹತ್ತು ಗಂಟೆ ದಾಟಿದ ಮೇಲೆ ಶಾಲೆಯ ಗೇಟಿನ ಮುಂದೆ ಮೂವತ್ತಕ್ಕೂ ಹೆಚ್ಚು ಜನ ನಿಂತಿದ್ದರು. ಒಂದು ಲಗೇಜ್ ಆಟೋ ಸಿಕ್ಕಿತು. ತರಕಾರಿ ಸಾಗಿಸುವ ಗಾಡಿಯಲ್ಲಿ ಹೆಂಗಸರನ್ನೂ ಬಣ್ಣ ಹಚ್ಚಿಕೊಂಡಿದ್ದ ಮಕ್ಕಳನ್ನೂ ನಿಲ್ಲಿಸಿ ಕಳಿಸಿದೆವು. ಅದು ಕಾನೂನಿಗೆ ವಿರುದ್ಧ ಅಂತ ನನಗೆ ಗೊತ್ತಿತ್ತು. ಶಾಲೆಯಲ್ಲಿ ರಸ್ತೆ ಸುರಕ್ಷತೆಯ ಪಾಠ ಹೇಳಿದವನೂ ನಾನೇ. ಗಾಡಿಯಲ್ಲಿ ಜಾಗ ಸಾಲದೆ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಮೂರು ಕಿಲೋಮೀಟರು ಕತ್ತಲಲ್ಲಿ ನಡೆದರು. ನಾನು ಟಾರ್ಚು ಹಿಡಿದು ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಮನೆ ಬಾಗಿಲಲ್ಲಿ ನಿಂತು, "ಪ್ರೋಗ್ರಾಮು ಚೆನ್ನಾಗಿತ್ತು ಮೇಷ್ಟ್ರೇ. ಇನ್ಮೇಲೆ ನಾವು ಬರಾಕಿಲ್ಲ" ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಲೆಕ್ಕ ಹಾಕಿ ಹೇಳಿದ್ದು. ಹೇಳಿದಂತೆ ಮುಂದೆ ಯಾವತ್ತೂ ಬರಲಿಲ್ಲ.

ನಮ್ಮ ಹಿಂದಿನವರು ಈ ತಪ್ಪು ಮಾಡುತ್ತಿರಲಿಲ್ಲ. ಯೋಚಿಸಿ ನೋಡಿ. ನಾವೆಲ್ಲ ಚಿಕ್ಕವರಿದ್ದಾಗ ಊರಲ್ಲಿ ಕುರುಕ್ಷೇತ್ರ ನಾಟಕ ಆಡಿದರೆ ರಾತ್ರಿ ಹತ್ತಕ್ಕೆ ಶುರುವಾಗಿ ದುರ್ಯೋಧನ ತೊಡೆ ಮುರಿದು ಬೀಳುವ ಹೊತ್ತಿಗೆ ಪೂರ್ವದಲ್ಲಿ ಬೆಳ್ಳಗಾಗುತ್ತಿತ್ತು. ಅಷ್ಟು ಹೊತ್ತು ಆಡುವುದಕ್ಕೆ ಕಲೆಯ ಕಾರಣಗಳು ಬೇಕಾದಷ್ಟಿರಬಹುದು. ಹಾರ್ಮೋನಿಯಂ ಮೇಷ್ಟ್ರುಗಳೂ, ಒಂದೇ ಕಂದಕ್ಕೆ ನಾಲ್ಕು ಸಲ ಒನ್ಸ್ ಮೋರ್ ಕೂಗುವ ಭಾವಮೈದಂದಿರೂ ಅದಕ್ಕೆ ಹೊಣೆ. ಆದರೆ ಫಲ ಏನಾಗುತ್ತಿತ್ತು? ನೆಂಟರು ಸಂಜೆ ಬಸ್ಸಿಗೆ ಬಂದು, ಚಾಪೆ ಹಾಸಿಕೊಂಡು ನಾಟಕ ನೋಡಿ, ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಹಿರೀಸಾವೆ ಹೋಬಳಿಯ ಬೂಕನಬೆಟ್ಟದ ದನಗಳ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದವರು ಗಾಡಿಯ ಕೆಳಗೇ ಮಲಗಿ, ಅಲ್ಲೇ ಅಡುಗೆ ಮಾಡಿಕೊಂಡು, ವ್ಯಾಪಾರ ಕುದುರಿದ ಮೇಲೆ ವಾಪಸಾಗುತ್ತಿದ್ದರು. ಉಳಿಯುವ ದಾರಿಯೋ ಮರಳುವ ದಾರಿಯೋ, ಒಂದಂತೂ ಇರುತ್ತಿತ್ತು. ನಾವು ಕಾರ್ಯಕ್ರಮವನ್ನು ಹತ್ತೂವರೆಗೆ ಮುಗಿಸುತ್ತೇವೆ. ದಿನದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಕೊನೇ ಬಸ್ಸಿಗೂ ಸೇರದ, ಮೊದಲ ಬಸ್ಸಿಗೂ ಸೇರದ ಹೊತ್ತನ್ನೇ ಹುಡುಕಿ ಆರಿಸಿಕೊಂಡಿದ್ದೇವೆ.

ಹತ್ತಕ್ಕೆ ಹೇಗೂ ಮೈಕು ನಿಲ್ಲಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ಪೊಲೀಸರು ಬಂದು ನಿಲ್ಲಿಸುವ ಮೊದಲು, ಬಸ್ಸಿನ ಹೊತ್ತು ನೋಡಿ ನಾವೇ ನಿಲ್ಲಿಸಿದರೆ ಮರ್ಯಾದೆ.

ಬೆಳಗೊಳದವರಿಗೆ ಗುಳ್ಳಕಾಯಜ್ಜಿಯ ಕಥೆ ಹೇಳಬೇಕಾಗಿಲ್ಲ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಗೊಮ್ಮಟನ ಪಾದ ನೆನೆಯಲಿಲ್ಲ, ಅಜ್ಜಿಯ ಗುಳ್ಳಕಾಯಿಯ ಒಂದು ಗುಟುಕು ಹಾಲು ಮೈಯೆಲ್ಲ ತೋಯಿಸಿ ಬೆಟ್ಟದಿಂದಿಳಿಯಿತು. ಅಜ್ಜಿ ಹೇಗೆ ಬಂದಳು, ಯಾರು ಯಾರು ಅವಳನ್ನು ತಡೆದರು, ಎಲ್ಲ ಕಥೆಯಲ್ಲಿದೆ. ಅಭಿಷೇಕ ಮುಗಿದ ಮೇಲೆ ಅಜ್ಜಿ ಮನೆಗೆ ಹೇಗೆ ಹೋದಳು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಆಕೆ ಕೂಷ್ಮಾಂಡಿನಿ ದೇವಿಯೇ, ವೇಷ ಮರೆಸಿಕೊಂಡು ಬಂದಿದ್ದಳು ಎನ್ನುತ್ತಾರೆ. ಇರಲಿ, ದೇವತೆಗೆ ಬಸ್ಸು ಬೇಕಿಲ್ಲ. ನಮ್ಮೂರ ಅಜ್ಜಿಯರಿಗೆ ಬೇಕು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ದುಡ್ಡಿಲ್ಲದ್ದಕ್ಕೆ ಮನೆಯಲ್ಲೇ ಉಳಿಯುತ್ತಿದ್ದ ಎಷ್ಟೋ ತಾಯಂದಿರು ಈಗ ಹಾಸನಾಂಬೆಯ ದರ್ಶನಕ್ಕೆ, ರಾಮನಾಥಪುರದ ಷಷ್ಠಿ ಜಾತ್ರೆಗೆ ಹೊರಡುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಉಚಿತ ಟಿಕೆಟ್ಟು ಯಾವ ಉಪಯೋಗಕ್ಕೆ? ಸಂಜೆ ಏಳರ ಮೇಲೆ ನಡೆಯುವ ಊರಿನ ಕಾರ್ಯಕ್ರಮಕ್ಕೆ ಬೈಕು ಇರುವ ಗಂಡಸರು ಬರುತ್ತಾರೆ, ಪಕ್ಕದ ಹಳ್ಳಿಯ ಹೆಂಗಸರು ಬರುವುದಿಲ್ಲ. ನಂತರ ಸಭೆಯಲ್ಲಿ ಮಹಿಳೆಯರ ಸಂಖ್ಯೆ ಕಡಿಮೆ ಇದೆ ಎಂದು ನಾವೇ ಭಾಷಣದಲ್ಲಿ ವಿಷಾದಿಸುತ್ತೇವೆ.

ಇನ್ನೊಂದು ಮಾತು ಬರೆಯಲು ಕೈ ಹಿಂಜರಿಯುತ್ತದೆ, ಬರೆಯದಿದ್ದರೆ ತಪ್ಪಾಗುತ್ತದೆ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣಪತಿ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿ ನುಗ್ಗಿತು. ಸತ್ತವರಲ್ಲಿ ಓದುವ ಹುಡುಗರಿದ್ದರು. ಅದು ಬಸ್ಸಿನ ವಿಷಯವಲ್ಲ, ಒಪ್ಪುತ್ತೇನೆ. ಹಬ್ಬ ಮತ್ತು ರಸ್ತೆಯ ವಿಷಯ. ಹಬ್ಬ ಮಾಡುವವರು ಪೆಂಡಾಲಿನೊಳಗಿನದಕ್ಕಷ್ಟೇ ಹೊಣೆ, ರಸ್ತೆಯಲ್ಲಿ ಆಗುವುದು ಇನ್ಯಾರದೋ ಹೊಣೆ ಎಂದು ಆ ರಾತ್ರಿಯ ನಂತರವೂ ಹೇಳಲು ನನಗೆ ಬಾಯಿ ಬರುವುದಿಲ್ಲ. ಮೆರವಣಿಗೆಯ ಹಾದಿ ಹೆದ್ದಾರಿಯನ್ನು ಮುಟ್ಟುತ್ತದೆಯೇ, ಮುಟ್ಟಿದರೆ ಆ ಹೊತ್ತಿಗೆ ವಾಹನಗಳನ್ನು ಯಾವ ಕಡೆ ತಿರುಗಿಸಬೇಕು ಎಂದು ಠಾಣೆಯವರೊಡನೆ ಕೂತು ಮಾತಾಡಿ. ಡಿಜೆಯವನಿಗೆ ಮುಂಗಡ ಕೊಡುವ ಮೊದಲು ಈ ಮಾತು ಆಗಲಿ.

ಈಗ ನನ್ನ ಕೋರಿಕೆಗಳಿಗೆ ಬರುತ್ತೇನೆ.

ಹಬ್ಬ ಮಾಡಬೇಕೆಂದರೆ ನೀವು ಠಾಣೆಗೆ ಒಂದು ಅರ್ಜಿ, ಪಂಚಾಯಿತಿಗೆ ಒಂದು, ಕರೆಂಟಿಗಾಗಿ ಸೆಸ್ಕ್‌ಗೆ ಒಂದು ಬರೆಯುತ್ತೀರಿ. ನಾಲ್ಕನೆಯದೊಂದನ್ನು ಬಸ್ ಡಿಪೋ ವ್ಯವಸ್ಥಾಪಕರಿಗೆ ಬರೆಯಿರಿ, ಪ್ರತಿಯನ್ನು ಹಾಸನದ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ ಕಳಿಸಿ. ಹಬ್ಬದ ಹಿಂದಿನ ದಿನ ಓಡಿಹೋಗಿ ಕೊಡಬೇಡಿ, ಮೂರು ವಾರ ಮೊದಲೇ ಕೊಡಿ. "ಬಸ್ಸಿನ ವ್ಯವಸ್ಥೆ ಮಾಡಬೇಕಾಗಿ ವಿನಂತಿ" ಎಂದಷ್ಟೇ ಬರೆದರೆ ಅದು ಫೈಲಿನಲ್ಲಿ ಮಲಗುತ್ತದೆ. ಇಂಥ ದಿನ, ಇಂಥ ಊರಲ್ಲಿ, ಇಷ್ಟು ಹೊತ್ತಿಗೆ ಕಾರ್ಯಕ್ರಮ ಮುಗಿಯುತ್ತದೆ. ಇಂತಿಂಥ ಹಳ್ಳಿಗಳಿಂದ ಸುಮಾರು ಇಷ್ಟು ಜನ ಬರುತ್ತಾರೆ. ಕೊನೇ ಟ್ರಿಪ್ಪನ್ನು ಅವತ್ತೊಂದು ದಿನ ಒಂಬತ್ತೂವರೆಗೆ ಬಿಡಲು ಸಾಧ್ಯವೇ ಎಂದು ಬಿಡಿಸಿ ಕೇಳಿ. ಡ್ಯೂಟಿ ಹಾಕುವವರಿಗೆ ಬೇಕಾದದ್ದು ಆ ವಿವರ. ಹೆಚ್ಚುವರಿ ಬಸ್ಸೇ ಬೇಕಾದರೆ ಸಾಂದರ್ಭಿಕ ಕರಾರಿನ ಮೇಲೆ ಸಾರಿಗೆ ಸಂಸ್ಥೆ ಬಸ್ಸು ಕೊಡುತ್ತದೆ, ಮದುವೆ ಮನೆಯವರು ತೆಗೆದುಕೊಳ್ಳುವುದಿಲ್ಲವೇ ಹಾಗೆ. ಖಾಸಗಿ ಬಸ್ಸಿನವರ ವಿಷಯಕ್ಕೆ ಬಂದರೆ, 1988ರ ಮೋಟಾರು ವಾಹನ ಕಾಯ್ದೆಯ 87ನೇ ಕಲಮಿನಲ್ಲಿ ಜಾತ್ರೆ, ಧಾರ್ಮಿಕ ಸಮಾವೇಶಗಳಂಥ ವಿಶೇಷ ಸಂದರ್ಭಕ್ಕೆಂದೇ ತಾತ್ಕಾಲಿಕ ರಹದಾರಿ ಕೊಡುವ ಅವಕಾಶವಿದೆ. ಕಾನೂನು ಬರೆದವರಿಗೆ ನೆನಪಿದ್ದ ಜಾತ್ರೆಯ ಜನ ಜಾತ್ರೆ ಮಾಡುವ ನಮಗೆ ಮರೆತುಹೋದರೆ ಹೇಗೆ?

ಕೇಳಿದ ಬಸ್ಸನ್ನು ತುಂಬಿಸುವುದು ನಿಮ್ಮ ಹೊಣೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮ ಜನಕ್ಕೆ ತಿಳಿಯದ್ದು ಇದೇ. ಡಿಪೋದಲ್ಲಿ ಒಂದು ಟ್ರಿಪ್ಪಿನ ಭವಿಷ್ಯ ನಿರ್ಧಾರವಾಗುವುದು ಕಿಲೋಮೀಟರಿಗೆ ಎಷ್ಟು ಗಳಿಕೆ ಎಂಬ ಲೆಕ್ಕದ ಮೇಲೆ. ಆ ಲೆಕ್ಕ ಹುಟ್ಟುವುದು ಕಂಡಕ್ಟರ ಕೈಯ ಟಿಕೆಟ್ ಮೆಷೀನಿನಲ್ಲಿ. ಹೆಂಗಸರು ಪಡೆಯುವ ಶೂನ್ಯ ಟಿಕೆಟ್ಟೂ ಆ ಲೆಕ್ಕದಲ್ಲಿ ಸೇರುತ್ತದೆ. ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ತುಂಬಿಕೊಡುವುದು ಅದರ ಆಧಾರದ ಮೇಲೆ. "ಎರಡು ಸ್ಟಾಪು ತಾನೇ, ಟಿಕೆಟ್ ಯಾಕಣ್ಣ" ಎಂದು ಚೀಟಿ ಪಡೆಯದೆ ಇಳಿದರೆ, ಆ ರಸ್ತೆಯಲ್ಲಿ ನೀವು ಪ್ರಯಾಣವೇ ಮಾಡಲಿಲ್ಲ ಎಂದು ಬರೆದಂತೆ. ಸ್ತ್ರೀಶಕ್ತಿ ಸಂಘದ ಅಕ್ಕತಂಗಿಯರೇ, ಈ ಮಾತನ್ನು ವಾರದ ಸಭೆಯಲ್ಲಿ ಒಮ್ಮೆ ಹೇಳಿ. ನಾನು ಮೈಕು ಹಿಡಿದು ಖಾಲಿ ಕಳಿಸಿದ ಆ ಎಂಟೂಕಾಲಿನ ಬಸ್ಸು ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಒಂದು ಸಂಜೆಯಿಂದಲೇ ಹಾಗಾಯಿತು ಎನ್ನಲಾರೆ. ಆದರೆ ಅಂಥ ಸಂಜೆಗಳನ್ನು ನಾವು ಎಷ್ಟು ಮಾಡಿದ್ದೆವು ಎಂದು ನನಗೆ ಗೊತ್ತು.

ಹಾಲ್ಟಿಂಗ್ ಬಸ್ಸಿನ ವಿಷಯ ಹೇಳದೆ ಮುಂದೆ ಹೋಗಲಾರೆ. ರಾತ್ರಿ ಊರಿಗೆ ಬಂದು, ಅಲ್ಲೇ ತಂಗಿ, ಬೆಳಗಿನ ಜಾವ ಹೊರಡುವ ಬಸ್ಸು. ನನ್ನ ಬಾಲ್ಯದಲ್ಲಿ ಡ್ರೈವರು ಕಂಡಕ್ಟರು ದೇವಸ್ಥಾನದ ಜಗಲಿಯಲ್ಲಿ ಮಲಗುತ್ತಿದ್ದರು, ಸರದಿಯ ಮೇಲೆ ಮನೆಗಳಿಂದ ಮುದ್ದೆ, ಸೊಪ್ಪಿನ ಸಾರು ಹೋಗುತ್ತಿತ್ತು. ಬೆಳಗ್ಗೆ ಹಾಲಿನ ಕ್ಯಾನು, ಸಂತೆಗೆ ಹೊರಟ ತೆಂಗಿನಕಾಯಿ ಮೂಟೆ, ಕಾಲೇಜಿನ ಹುಡುಗಿಯರು, ಎಲ್ಲರಿಗೂ ಅದೇ ಗತಿ. ಅಂಥ ಬಸ್ಸು ಬೇಕು ಎಂದು ಇವತ್ತೂ ಅರ್ಜಿ ಬರೆಯುತ್ತೇವೆ. ಇವತ್ತಿನ ಡ್ರೈವರೊಬ್ಬರನ್ನು ಚಹಾ ಅಂಗಡಿಯಲ್ಲಿ ಕೇಳಿದೆ, ಹಳ್ಳಿ ಹಾಲ್ಟಿಂಗ್ ಎಂದರೆ ಯಾಕೆ ಮುಖ ಹಿಂಡುತ್ತೀರಿ ಎಂದು. "ಸಾರ್, ಸೊಳ್ಳೆಗೆ ಬಸ್ಸೊಳಗೇ ಮಲಗ್ಬೇಕು. ಬೆಳಗ್ಗೆ ಎದ್ರೆ ಚೊಂಬು ಹಿಡ್ಕೊಂಡು ಬೇಲಿ ಸಾಲು ಹುಡುಕ್ಬೇಕು" ಎಂದರು. ನಾವು ಬಸ್ಸು ಕೇಳಿದೆವು, ಬಸ್ಸಿನ ಜೊತೆ ಇಬ್ಬರು ಮನುಷ್ಯರು ಬರುತ್ತಾರೆ ಎಂಬುದನ್ನು ಕೇಳಲಿಲ್ಲ. ಸಮುದಾಯ ಭವನದಲ್ಲಿ ಒಂದು ಕೋಣೆ, ಎರಡು ಮಂಚ, ಒಂದು ಫ್ಯಾನು, ಶುದ್ಧವಾದ ಶೌಚಾಲಯ, ಬೆಳಗ್ಗೆ ಬಿಸಿನೀರು. ಇಷ್ಟನ್ನು ಸಮಿತಿ ಒದಗಿಸಿ, ಕೋಣೆಯ ಬೀಗದಕೈಯ ಜೊತೆಗೆ ಅರ್ಜಿ ಕೊಟ್ಟು ನೋಡಿ. ಆಗ ಆ ಅರ್ಜಿಗೆ ಬೇರೆಯೇ ತೂಕ ಬರುತ್ತದೆ.

ದುಡ್ಡು ಎಲ್ಲಿಂದ ಎನ್ನುತ್ತೀರಿ. ಖಜಾಂಚಿಯಾಗಿದ್ದವನಿಗೆ ಆ ಪ್ರಶ್ನೆ ಕೇಳಬೇಡಿ. ಭಂಡಾರ ಬಸದಿಗೆ ಹೋದಾಗ 1368ರ ಬುಕ್ಕರಾಯನ ಶಾಸನವನ್ನು ಒಮ್ಮೆ ನಿಂತು ನೋಡಿ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿದಾಗ ದೊರೆ ಇಬ್ಬರ ಕೈ ಹಿಡಿಸಿ ರಾಜಿ ಮಾಡಿಸಿದ ಕಥೆಯನ್ನು ನಾವು ಎಲ್ಲ ಸೌಹಾರ್ದ ಸಭೆಗಳಲ್ಲಿ ಹೇಳುತ್ತೇವೆ. ಅದೇ ಶಾಸನದ ಮುಂದಿನ ಭಾಗವನ್ನು ಯಾರೂ ಹೇಳುವುದಿಲ್ಲ, ಅದು ಖಜಾಂಚಿಗಳ ಭಾಗ. ಜೈನರು ವರ್ಷಕ್ಕೆ ಮನೆಗೊಂದು ಹಣ ಕೊಡಬೇಕು, ಅದನ್ನು ತಿರುಮಲೆಯ ತಾತಯ್ಯ ಕೂಡಿಸಿ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಮಿಕ್ಕಿದ ಚಂದಾ ಎಲ್ಲಿ ಹೋಗಬೇಕು ಎಂದು ಆರೂವರೆ ಶತಮಾನದ ಹಿಂದೆ ನಮ್ಮ ಊರಲ್ಲಿ ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆ. ನಿಮ್ಮ ಹಬ್ಬದ ಮಿಕ್ಕ ಹಣದಲ್ಲಿ ಬಸ್ ತಂಗುದಾಣಕ್ಕೆ ಸುಣ್ಣ ಬಳಿಸಿ. ಸೋರುವ ಸೂರು ಸರಿಮಾಡಿಸಿ. ಒಂದು ಸೌರದೀಪ ಹಾಕಿಸಿ. ಗೋಡೆಯ ಮೇಲೆ ಎಣ್ಣೆ ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ, ಬಸ್ಸುಗಳ ಹೊತ್ತು ಬರೆಸಿ. ದಾನಿಗಳ ಹೆಸರನ್ನು ಅದಕ್ಕಿಂತ ಸಣ್ಣ ಅಕ್ಷರದಲ್ಲಿ ಬರೆಸಿದರೆ ದಾನಿಗಳು ಕೋಪಿಸಿಕೊಳ್ಳಲಾರರು. ಕೋಪಿಸಿಕೊಂಡರೆ ನನ್ನ ಹತ್ತಿರ ಕಳಿಸಿ.

ದೊಡ್ಡ ಹಬ್ಬಕ್ಕೆ ನಮ್ಮೂರಿಗೆ ಏನೂ ಕಡಿಮೆಯಾಗುವುದಿಲ್ಲ. 2015ರಲ್ಲಿ ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ 81ನೇ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆಯಿತು. 2018ರ ಫೆಬ್ರವರಿಯ ಮಹಾಮಸ್ತಕಾಭಿಷೇಕಕ್ಕೆ ಊರಾಚೆ ತಾತ್ಕಾಲಿಕ ಬಸ್ ನಿಲ್ದಾಣಗಳು, ವಿಶೇಷ ರೈಲುಗಳು, ಉಪನಗರಗಳು ಎದ್ದವು. 1996–97ರಲ್ಲಿ ಮಂಜೂರಾದ ಬೆಂಗಳೂರು–ಹಾಸನ ರೈಲು ಮಾರ್ಗ ಪೂರ್ತಿ ತೆರೆಯಲು 2017ರ ಮಾರ್ಚ್ ಬಂದಿತ್ತು, ಆದರೂ ಅಭಿಷೇಕದ ಹೊತ್ತಿಗೆ ರೈಲು ಓಡುತ್ತಿತ್ತು. ಹನ್ನೆರಡು ವರ್ಷದ ಲೆಕ್ಕದಲ್ಲಿ ಮತ್ತೆ 2030ರ ಸುಮಾರಿಗೆ ಎಲ್ಲವೂ ಬರುತ್ತದೆ, ಬರಲಿ. ನನ್ನ ಚಿಂತೆ ನಡುವಿನ ಹನ್ನೊಂದು ವರ್ಷಗಳದ್ದು. ಜಿನನಾಥಪುರದಿಂದಲೋ ಕಿಕ್ಕೇರಿ ರಸ್ತೆಯ ಯಾವುದೋ ಹಳ್ಳಿಯಿಂದಲೋ ಮೊಮ್ಮಗಳ ಕುಣಿತ ನೋಡಲು ಬಂದ ಒಬ್ಬಾಕೆಗೆ ಉಪನಗರ ಬೇಡ. ಒಂಬತ್ತೂವರೆಗೆ ಒಂದು ಬಸ್ಸು ಸಾಕು.

ಇನ್ನು ಆಹ್ವಾನ ಪತ್ರಿಕೆಯ ಆ ಎರಡು ಸಾಲು. ನಲವತ್ಮೂರು ಹೆಸರಲ್ಲಿ ಎರಡನ್ನು ತೆಗೆದರೆ ಜಾಗ ಸಿಗುತ್ತದೆ. ಮೊದಲು ತೆಗೆಯಬೇಕಾದ ಹೆಸರು ನನ್ನದು. "ನಿವೃತ್ತ ಮುಖ್ಯ ಶಿಕ್ಷಕರು, ವಿಶೇಷ ಆಹ್ವಾನಿತರು" ಎಂದು ಆರರಲ್ಲಿ ನಾಲ್ಕು ಪತ್ರಿಕೆಗಳಲ್ಲಿ ಹಾಕಿದ್ದೀರಿ. ಮಕ್ಕಳ ನೃತ್ಯವನ್ನು ಮೊದಲಿಗೆ ಇಡಿ. ಅತಿಥಿಗಳು ತಡವಾದರೆ ಅವರಿಲ್ಲದೆ ಶುರುಮಾಡಿ, ಹೊತ್ತಿಗೆ ಸರಿಯಾಗಿ ಬರುವ ಅತಿಥಿಗಳು ನಮ್ಮ ತಾಲ್ಲೂಕಿನಲ್ಲೂ ಇದ್ದಾರೆ. ಕೊನೇ ಬಸ್ಸಿನ ಹಾರನ್ ಕೇಳಿದಾಗ ಮೈಕು ಯಾರ ಕೈಯಲ್ಲೇ ಇರಲಿ, "ಬಸ್ಸಿಗೆ ಹೋಗುವವರು ಏಳಬಹುದು, ನಮಸ್ಕಾರ" ಎನ್ನಲಿ.

ಡಿಪೋಗೆ ಅರ್ಜಿ ಬರೆಯಲು ಬಾರದಿದ್ದರೆ ಭಾನುವಾರ ಬೆಳಗ್ಗೆ ಮನೆಗೆ ಬನ್ನಿ, ಬರೆದುಕೊಡುತ್ತೇನೆ. ತಂಗುದಾಣದ ಗೋಡೆಗೆ ಅಕ್ಷರ ಬರೆಯಲು ಕುಂಚವೂ ನನ್ನ ಹತ್ತಿರ ಇದೆ, ಕೈ ಇನ್ನೂ ನಡುಗುವುದಿಲ್ಲ. ಬಸ್ಸಿನ ಹೊತ್ತು ಅಚ್ಚಾಗಿರುವ ಮೊದಲ ಆಹ್ವಾನ ಪತ್ರಿಕೆ ಯಾವ ಊರಿನದ್ದೇ ಆಗಲಿ, ಆ ಕಾರ್ಯಕ್ರಮಕ್ಕೆ ನಾನು ಬರುತ್ತೇನೆ. ವೇದಿಕೆಗೆ ಮಾತ್ರ ಕರೆಯಬೇಡಿ. ಬಾಗಿಲ ಹತ್ತಿರದ ಕುರ್ಚಿ ಸಾಕು, ನಾನೂ ಬಸ್ಸಿಗೇ ಬರುವವನು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮೇಷ್ಟ್ರು, ಮಾಜಿ ಖಜಾಂಚಿ
ಶ್ರವಣಬೆಳಗೊಳ ಹೋಬಳಿ, ಚನ್ನರಾಯಪಟ್ಟಣ ತಾಲ್ಲೂಕು